ಕಬಡ್ಡಿ ಅಂಗಳದ ಸೀಟಿ ಮತ್ತು ನಮ್ಮ ಮಕ್ಕಳ ಆರೋಗ್ಯ



ಶಾಲೆಗಳಲ್ಲಿ ಕ್ರೀಡಾಕೂಟಗಳ ಕಾಲ ಬಂದಿದೆ. ವಲಯ ಮಟ್ಟ ಮುಗಿದು ತಾಲೂಕು ಮಟ್ಟ, ಅದು ಮುಗಿದು ಜಿಲ್ಲಾ ಮಟ್ಟ ಎಂದು ಮಕ್ಕಳು ಟೆಂಪೋಗಳಲ್ಲಿ ಊರಿಂದೂರಿಗೆ ಹೋಗಿಬರುವ ದಿನಗಳಿವು. ಇದರ ಬೆನ್ನಿಗೇ ಗಣೇಶನ ಹಬ್ಬ, ದಸರಾ, ರಾಜ್ಯೋತ್ಸವಗಳ ಹೆಸರಿನಲ್ಲಿ ಹೊನಲು ಬೆಳಕಿನ ಪಂದ್ಯಾವಳಿಗಳು ನಡೆಯುತ್ತವೆ. ಮಾಘ, ಫಾಲ್ಗುಣ ಬಂತೆಂದರೆ ಜಾತ್ರೆಯ ಪಂದ್ಯಾವಳಿಗಳು. ಕೂಡ್ಲಿಗಿಯ ಮಸಾರೆ ನೆಲವಿರಲಿ, ಹಡಗಲಿಯ ಹೊಳೆಸಾಲಿನ ಎರೆ ನೆಲವಿರಲಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಸೀಮೆಯ ಯಾವ ಹಳ್ಳಿಯೇ ಇರಲಿ, ಕಬಡ್ಡಿ ಆಡದ ಊರನ್ನು ಹುಡುಕುವುದು ಕಷ್ಟ. ಚೆಂಡು ಬೇಡ, ದಾಂಡು ಬೇಡ, ಬೂಟು ಬೇಡ; ಏಳು ಜನ ಒಂದು ಕಡೆ, ಏಳು ಜನ ಇನ್ನೊಂದು ಕಡೆ, ನಡುವೆ ಸುಣ್ಣದ ಗೆರೆಯೊಂದಿದ್ದರೆ ಸಾಕು. ಬಡವರ ಮಕ್ಕಳಿಗೆ ದಕ್ಕುವ ಆಟವೆಂದೇ ನಮಗೆ ಅದರ ಮೇಲೆ ವಿಶೇಷ ಪ್ರೀತಿ. ಮೈ ಗಟ್ಟಿಯಾಗುತ್ತದೆ, ಉಸಿರು ಹಿಡಿತಕ್ಕೆ ಬರುತ್ತದೆ, ಮೊಬೈಲ್ ಕೈಬಿಡುತ್ತದೆ. ಆದುದರಿಂದ ಈ ಲೇಖನವನ್ನು ಕಬಡ್ಡಿಯ ವಿರುದ್ಧ ಬರೆದದ್ದೆಂದು ಯಾರೂ ಭಾವಿಸಬಾರದು.

ಒಂದು ರಾತ್ರಿಯ ಸಂಗತಿಯನ್ನು ಮೊದಲು ಹೇಳಬೇಕು. ಊರು ಈ ಐದು ತಾಲೂಕುಗಳಲ್ಲಿಯೇ ಇದೆ, ಹೆಸರು ಬೇಡ. ಜಾತ್ರೆಯ ನಿಮಿತ್ತ ಮುಕ್ತ ಕಬಡ್ಡಿ ಪಂದ್ಯಾವಳಿ. ಮುಕ್ತ ಎಂದರೆ ವಯಸ್ಸನ್ನು ಕೇಳುವವರಿಲ್ಲ, ತೂಕವನ್ನು ನೋಡುವವರಿಲ್ಲ. ಒಂದು ತಂಡಕ್ಕೆ ಒಬ್ಬ ಆಟಗಾರ ಕಡಿಮೆ ಬಿದ್ದುದರಿಂದ ಒಂಬತ್ತನೆಯ ತರಗತಿಯ ಹುಡುಗನೊಬ್ಬನನ್ನು ಇಳಿಸಿದರು. ಎದುರಿಗಿದ್ದವರು ಗೊಬ್ಬರದ ಚೀಲ ಹೊತ್ತು ಬಲಿತ ಇಪ್ಪತ್ತೈದರ ಗಂಡಾಳುಗಳು. ತೀರ್ಪುಗಾರರು ಅದೇ ಊರಿನ ದೈಹಿಕ ಶಿಕ್ಷಕರು. ಹುಡುಗ ದಾಳಿಗೆ ಹೋದಾಗ ಒಬ್ಬನು ಅವನ ಬಾಯಿಯನ್ನು ಅಂಗೈಯಿಂದ ಒತ್ತಿ ಹಿಡಿದನು, ಇನ್ನೊಬ್ಬನು ಕೊರಳಿಗೆ ತೋಳು ಹಾಕಿದನು. ಮಾಸ್ತರು ಸೀಟಿ ಊದಿ, ಹುಡುಗ ಔಟಲ್ಲವೆಂದು ಸರಿಯಾಗಿಯೇ ತೀರ್ಪು ಕೊಟ್ಟರು. ಅಷ್ಟರಲ್ಲಿ ಮೊದಲ ಬಹುಮಾನದ ಹಣ ಕೊಟ್ಟಿದ್ದ ಹಿರಿಯರು ಕುರ್ಚಿ ಬಿಟ್ಟು ಅಂಗಳಕ್ಕೇ ಇಳಿದರು. "ಆಡ್ಲಿ ಬಿಡ್ರಿ ಮಾಸ್ತರ, ಕಬಡ್ಡಿ ಅಂದ್ರ ಏಟು ಬೀಳಾದ. ಇದೇನು ಹುಡುಗೇರು ಕುಂಟಾಬಿಲ್ಲೆ ಆಡಿದಂಗ?" ಎಂದರು. ಜನ ನಕ್ಕರು, ಕೇಕೆ ಹಾಕಿದರು. ಮಾಸ್ತರು ತಲೆ ತಗ್ಗಿಸಿ ಹಿಂದೆ ಸರಿದರು. ಆಮೇಲೆ ಆ ಸೀಟಿ ಗೆರೆ ದಾಟಿದ್ದಕ್ಕೆ ಊದಿತೇ ಹೊರತು ಒರಟುತನಕ್ಕೆ ಊದಲಿಲ್ಲ.

ಹತ್ತು ನಿಮಿಷ ಕಳೆದಿರಬಹುದು. ಆ ಹುಡುಗನ ಕಾಲನ್ನು ಹಿಡಿದೆಳೆದ ರಭಸಕ್ಕೆ ಅವನ ತಲೆ ಇನ್ನೊಬ್ಬನ ಮೊಣಕಾಲಿಗೆ ಬಡಿಯಿತು. ಕ್ಷಣಹೊತ್ತು ಅಲುಗಾಡದೆ ಮಲಗಿದನು. ಮುಖಕ್ಕೆ ನೀರೆರಚಿದರು, ಎಬ್ಬಿಸಿದರು, ಕೆನ್ನೆ ತಟ್ಟಿದರು. ಅವನು ಮತ್ತೆ ಆಡಿದನು. ಮರಳುವಾಗ ಟ್ರ್ಯಾಕ್ಟರಿನ ಟ್ರೈಲರಿನಲ್ಲಿ ಮೂರು ಬಾರಿ ವಾಂತಿ ಮಾಡಿಕೊಂಡು, ತಾನು ಎಲ್ಲಿಗೆ ಹೋಗುತ್ತಿದ್ದೇನೆಂದು ಮತ್ತೆ ಮತ್ತೆ ಕೇಳಿದನಂತೆ. ಅವನ ಸೋದರಮಾವನಿಗೆ ಅನುಮಾನ ಬಂದು ಮನೆಗೆ ಹೋಗದೆ ನೇರವಾಗಿ ದಾವಣಗೆರೆಯ ದಾರಿ ಹಿಡಿದುದರಿಂದ ಹುಡುಗ ಉಳಿದನು. ಎರಡು ತಿಂಗಳು ಶಾಲೆ ತಪ್ಪಿತು; ಓದಲು ಕುಳಿತರೆ ತಲೆನೋವು ಎನ್ನುವುದು ಅದಕ್ಕೂ ಮುಂದಕ್ಕೆ ನಡೆಯಿತು.

ಆ ರಾತ್ರಿ ನಾವೂ ಅಲ್ಲಿದ್ದೆವು. ಹಾರ ಹಾಕಿಸಿಕೊಂಡು ವೇದಿಕೆಯ ಮೇಲೆ ಕುಳಿತಿದ್ದೆವು. ಹಿರಿಯರು ಅಂಗಳಕ್ಕೆ ಇಳಿದಾಗ ಎದ್ದು "ಬೇಡ, ಮಾಸ್ತರ ತೀರ್ಪೇ ತೀರ್ಪು" ಎಂದು ಒಂದು ಮಾತು ಹೇಳಬಹುದಾಗಿತ್ತು, ಹೇಳಲಿಲ್ಲ. ಆ ಹಿರಿಯರು ನಮಗೆ ಬೇಕಾದವರು, ಶ್ರೀಮಠದ ದಾಸೋಹಕ್ಕೆ ವರ್ಷವೂ ಅಕ್ಕಿ ಕಳಿಸುವವರು. ಸಂಕೋಚವಾಯಿತು.

ಅಂದಿನಿಂದ ನಮ್ಮ ಮನಸ್ಸಿನಲ್ಲಿ ಒಂದು ವಿಚಾರ ಗಟ್ಟಿಯಾಗಿದೆ. ಆಟದ ಗಾಯಗಳಿಗೆ ಎಣ್ಣೆ, ಪಟ್ಟಿ, ಎಕ್ಸ್‌ರೇ ಎಂದು ನಾವು ಆಮೇಲೆ ಓಡಾಡುತ್ತೇವೆ. ಆದರೆ ಅವುಗಳಲ್ಲಿ ಅನೇಕವನ್ನು ಮೊದಲೇ ತಡೆಯುವ ಉಪಾಯ ತೀರ್ಪುಗಾರರ ತುಟಿಯ ಮೇಲಿರುತ್ತದೆ. ಅದನ್ನು ಕಸಿದುಕೊಳ್ಳುವವರು ಮಕ್ಕಳಲ್ಲ, ಹಿರಿಯರಾದ ನಾವು.

ನಿಯಮ ಏನು ಹೇಳುತ್ತದೆ

"ಕಬಡ್ಡಿ ಎಂದರೆ ಏಟು" ಎಂಬ ಮಾತು ಅರ್ಧ ನಿಜ. ಹಿಡಿಯುವುದು, ಎಳೆಯುವುದು, ಬೀಳುವುದು ಆಟದೊಳಗಿನವೇ. ಆದರೆ ಯಾವುದು ಹಿಡಿತ, ಯಾವುದು ಹಿಂಸೆ ಎಂಬುದನ್ನು ಆಟದ ನಿಯಮವೇ ಬೇರ್ಪಡಿಸಿಟ್ಟಿದೆ. ದಾಳಿಗಾರನ ಬಾಯಿ ಮುಚ್ಚಿ ಉಸಿರು ನಿಲ್ಲಿಸುವಂತಿಲ್ಲ. ಕೊರಳು ಹಿಸುಕುವಂತಿಲ್ಲ. ಎರಡು ಕಾಲುಗಳಿಂದ ಕತ್ತರಿ ಹಾಕುವಂತಿಲ್ಲ. ಬಟ್ಟೆ, ಕೂದಲು ಹಿಡಿಯುವಂತಿಲ್ಲ. ಇವುಗಳಲ್ಲಿ ಯಾವುದನ್ನು ಮಾಡಿ ಹಿಡಿದರೂ ದಾಳಿಗಾರ ಔಟಾಗುವುದಿಲ್ಲ. ಉಗುರು ಕತ್ತರಿಸಿರಬೇಕು, ಮೈಗೆ ಎಣ್ಣೆ ಬಳಿದಿರಬಾರದು, ಒಡವೆ ಧರಿಸಿರಬಾರದು.

ಈ ನಿಯಮಗಳನ್ನು ಯಾರೋ ಸೌಮ್ಯ ಸ್ವಭಾವದವರು ಕುಳಿತು ಬರೆದುದಲ್ಲ. ಪ್ರತಿಯೊಂದರ ಹಿಂದೆಯೂ ದೇಹದ ಕಾರಣವಿದೆ. ದಾಳಿಗಾರ 30 ಸೆಕೆಂಡಿನವರೆಗೆ ಒಂದೇ ಉಸಿರಿನಲ್ಲಿ "ಕಬಡ್ಡಿ, ಕಬಡ್ಡಿ" ಎನ್ನುತ್ತಿರುತ್ತಾನೆ, ಎಂದರೆ ಉಸಿರನ್ನು ಹೊರಗೆ ಬಿಡುತ್ತಲೇ ಇರುತ್ತಾನೆ. ಅವನ ಎದೆಯಲ್ಲಿ ಗಾಳಿ ತೀರುತ್ತ ಬಂದ ಹೊತ್ತಿನಲ್ಲಿಯೇ ಬಾಯಿ ಮೂಗು ಒತ್ತಿ, ಮೇಲೆ ನಾಲ್ವರು ಬಿದ್ದರೆ ಆ ಜೀವ ಗಾಳಿಯನ್ನು ಎಲ್ಲಿಂದ ತರಬೇಕು? ಕೊರಳಿನ ಎರಡೂ ಪಕ್ಕದಲ್ಲಿ ಮೆದುಳಿಗೆ ರಕ್ತ ಒಯ್ಯುವ ನಾಳಗಳಿವೆ. ಅವುಗಳ ಮೇಲೆ ತೋಳಿನ ಒತ್ತಡ ಕೆಲವೇ ಸೆಕೆಂಡು ಬಿದ್ದರೂ ಎಚ್ಚರ ತಪ್ಪಬಹುದು. ಕತ್ತರಿ ಹಾಕಿದ ಕಾಲು ತಿರುಚಿಕೊಂಡಾಗ ಮೊಣಕಾಲಿನ ಒಳಗಿನ ಅಸ್ಥಿರಜ್ಜು ಹರಿಯುತ್ತದೆ. "ಟಪ್" ಎಂಬ ಸದ್ದು ಕೇಳಿ, ಕೆಲವೇ ಗಂಟೆಗಳಲ್ಲಿ ಮೊಣಕಾಲು ಊದಿಕೊಂಡರೆ ಅದನ್ನು ಉಳುಕೆಂದು ತಳ್ಳಿಹಾಕಬಾರದು.

ತೀರ್ಪುಗಾರರ ಕೈಗೆ ಮೂರು ಕಾರ್ಡುಗಳನ್ನೂ ಕೊಡಲಾಗಿದೆ. ಹಸಿರು ಎಚ್ಚರಿಕೆ. ಹಳದಿ ತೋರಿಸಿದರೆ ಆಟಗಾರ ಎರಡು ನಿಮಿಷ ಹೊರಗೆ ಕೂಡಬೇಕು. ಕೆಂಪು ತೋರಿಸಿದರೆ ಆ ಪಂದ್ಯ ಅವನಿಗೆ ಮುಗಿಯಿತು. ನಮ್ಮ ಹಳ್ಳಿಯ ಪಂದ್ಯಾವಳಿಗಳಲ್ಲಿ ಈ ಕಾರ್ಡುಗಳನ್ನು ನಾವು ಕಂಡದ್ದು ಬಹಳ ಕಡಿಮೆ. ದೂರದರ್ಶನದಲ್ಲಿ ಪ್ರೊ ಕಬಡ್ಡಿ ನೋಡುವ ಮಕ್ಕಳಿಗೆ ತೊಡೆ ತಟ್ಟುವುದು ಬಂದಿದೆ. ಅದೇ ಆಟದಲ್ಲಿ ಹಸಿರು ಕಾರ್ಡು ಕಂಡ ಕೂಡಲೇ ದೊಡ್ಡ ದೊಡ್ಡ ಆಟಗಾರರು ಬಾಯಿ ಮುಚ್ಚಿ ಹಿಂದೆ ಸರಿಯುವುದು ಅವರ ಕಣ್ಣಿಗೆ ಬಿದ್ದಂತಿಲ್ಲ.

ಕಾರ್ಡಿನ ಈ ಪದ್ಧತಿ ಮೊದಲು ಹುಟ್ಟಿದ್ದು ಫುಟ್‌ಬಾಲಿನಲ್ಲಿ. 1966ರ ವಿಶ್ವಕಪ್ಪಿನಲ್ಲಿ ಇಂಗ್ಲೆಂಡ್ ಮತ್ತು ಅರ್ಜೆಂಟೀನಾ ನಡುವಿನ ಪಂದ್ಯ ಗದ್ದಲಕ್ಕೆ ತಿರುಗಿತು. ಹೊರಗೆ ಹೋಗೆಂದು ಜರ್ಮನಿಯ ತೀರ್ಪುಗಾರರು ಹೇಳಿದರೆ ಅರ್ಜೆಂಟೀನಾದ ನಾಯಕ ಬಹಳ ಹೊತ್ತು ಅಂಗಳ ಬಿಟ್ಟು ಕದಲಲಿಲ್ಲ. ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದು. ಆ ವಿಶ್ವಕಪ್ಪಿನ ತೀರ್ಪುಗಾರರ ಮೇಲ್ವಿಚಾರಕರಾಗಿದ್ದ ಕೆನ್ ಆ್ಯಸ್ಟನ್ ಎಂಬವರು ಕಾರಿನಲ್ಲಿ ಮನೆಗೆ ಮರಳುವಾಗ ದಾರಿಯ ಸಿಗ್ನಲ್ ದೀಪಗಳನ್ನು ಕಂಡು, ಹಳದಿ ಎಂದರೆ ಜೋಕೆ, ಕೆಂಪು ಎಂದರೆ ನಿಲ್ಲು, ಇದಕ್ಕೆ ಯಾವ ಭಾಷೆಯೂ ಬೇಡವಲ್ಲ ಎಂದುಕೊಂಡರು. 1970ರ ಮೆಕ್ಸಿಕೋ ವಿಶ್ವಕಪ್ಪಿನಿಂದ ಕಾರ್ಡುಗಳು ಬಳಕೆಗೆ ಬಂದವು. ಅವರು ವೃತ್ತಿಯಿಂದ ಶಾಲಾ ಶಿಕ್ಷಕರು ಎಂಬುದನ್ನು ನಮ್ಮ ಮಾಸ್ತರುಗಳು ಗಮನಿಸಬೇಕು.

ಆದರೆ ಕಾರ್ಡಿದ್ದ ಮಾತ್ರಕ್ಕೆ ಎಲ್ಲವೂ ಸರಿಹೋಗುವುದಿಲ್ಲ. ನೆದರ್ಲೆಂಡ್ಸ್ ಶಿಸ್ತಿಗೆ ಹೆಸರಾದ ದೇಶ. ಅಲ್ಲಿಯ ಅಲ್ಮೇರೆ ಎಂಬ ಊರಿನಲ್ಲಿ 2012ರ ಡಿಸೆಂಬರ್ 2ರಂದು ಹುಡುಗರ ಫುಟ್‌ಬಾಲ್ ಪಂದ್ಯವೊಂದು ನಡೆಯಿತು. ತನ್ನ ಮಗ ಆಡುತ್ತಾನೆಂದು ಸಂಬಳವಿಲ್ಲದೆ ಗೆರೆಯ ತೀರ್ಪುಗಾರನಾಗಿ ನಿಂತಿದ್ದ ತಂದೆಯೊಬ್ಬರನ್ನು ಎದುರು ತಂಡದ ಹುಡುಗರು ಪಂದ್ಯ ಮುಗಿದ ಮೇಲೆ ನೆಲಕ್ಕೆ ಕೆಡವಿ ತಲೆಗೂ ಕೊರಳಿಗೂ ಒದ್ದರು. ಮರುದಿನ ಅವರು ತೀರಿಕೊಂಡರು. ಆ ವಾರಾಂತ್ಯದ ಹವ್ಯಾಸಿ ಪಂದ್ಯಗಳನ್ನೆಲ್ಲ ದೇಶದಾದ್ಯಂತ ನಿಲ್ಲಿಸಲಾಯಿತು. ನಮ್ಮನ್ನು ತಡೆದು ನಿಲ್ಲಿಸಿದ ಅಂಶ ಬೇರೆಯದು: ಶಿಕ್ಷೆಯಾದವರಲ್ಲಿ ಹದಿಹರೆಯದ ಹುಡುಗರ ಜೊತೆಗೆ ಒಬ್ಬ ಹುಡುಗನ ತಂದೆಯೂ ಇದ್ದನು, ಎಲ್ಲರಿಗಿಂತ ಹೆಚ್ಚಿನ, 6 ವರ್ಷದ ಸೆರೆವಾಸ ಅವನಿಗೇ ಆಯಿತು. ತೀರ್ಪುಗಾರನನ್ನು ಬೈಯುವ ಅಪ್ಪನನ್ನು ನೋಡಿದ ಮಗ ಅಲ್ಲಿಂದ ಎಷ್ಟು ದೂರ ಹೋಗಬಲ್ಲನು ಎಂಬುದಕ್ಕೆ ಮಿತಿಯಿಲ್ಲ. ಆ ಘಟನೆಯ ಬಳಿಕ ಆ ದೇಶದ ಹವ್ಯಾಸಿ ಫುಟ್‌ಬಾಲಿನಲ್ಲಿ ಹಳದಿ ಕಾರ್ಡು ಪಡೆದವನು ಹತ್ತು ನಿಮಿಷ ಹೊರಗೆ ಕೂಡಬೇಕೆಂಬ ನಿಯಮ ಬಂದಿತು. ಕೋಪ ಇಳಿಯಲು ಅಷ್ಟು ಸಮಯ ಸಾಕು ಎಂಬ ಎಣಿಕೆ.

ತಲೆಗೆ ಬಿದ್ದ ಪೆಟ್ಟು

ಇನ್ನು ಆರೋಗ್ಯದ ಮಾತಿಗೆ ನೇರವಾಗಿ ಬರೋಣ. ಎಲ್ಲ ಗಾಯಗಳಿಗಿಂತ ನಾವು ಹಗುರವಾಗಿ ಕಾಣುವುದು ತಲೆಯ ಪೆಟ್ಟನ್ನೇ, ಏಕೆಂದರೆ ಅದರಲ್ಲಿ ರಕ್ತ ಕಾಣುವುದಿಲ್ಲ. ಎಚ್ಚರ ತಪ್ಪಿದರೆ ಮಾತ್ರ ಗಂಭೀರ ಎಂಬುದು ತಪ್ಪು ತಿಳಿವಳಿಕೆ. ಎಚ್ಚರ ತಪ್ಪದೆಯೂ ಮೆದುಳು ಅಲುಗಿ ಪೆಟ್ಟಾಗಿರಬಹುದು. ಹುಡುಗ ಮಂಕಾಗಿ ನಿಲ್ಲುತ್ತಾನೆ, ಕೇಳಿದ್ದನ್ನೇ ಕೇಳುತ್ತಾನೆ, ಅಂಕ ಎಷ್ಟೆಂದರೆ ಹೇಳಲಾರ, ಹೆಜ್ಜೆ ತೂರಾಡುತ್ತದೆ, ದೀಪದ ಬೆಳಕು ಕಣ್ಣಿಗೆ ಚುಚ್ಚುತ್ತದೆ ಎನ್ನುತ್ತಾನೆ, ತಲೆನೋವು, ವಾಕರಿಕೆ ಬರುತ್ತದೆ. ಇವುಗಳಲ್ಲಿ ಒಂದು ಕಂಡರೂ ಅವನ ಆಟ ಆ ದಿನಕ್ಕೆ ಮುಗಿಯಿತೆಂದೇ ತಿಳಿಯಬೇಕು. "ನಾನು ಆಡ್ತೀನ್ರಿ" ಎಂದು ಅವನೇ ಹಟ ಹಿಡಿಯುತ್ತಾನೆ. ಆ ಮಾತಿಗೆ ಬೆಲೆ ಕೊಡಬಾರದು. ಪೆಟ್ಟು ಬಿದ್ದಿರುವುದು ತೀರ್ಮಾನ ಮಾಡುವ ಅಂಗಕ್ಕೇ.

ಮತ್ತೆ ಆಡಿಸಿದರೆ ಏನಾಗುತ್ತದೆ ಎಂಬುದಕ್ಕೆ ಉತ್ತರ ಐರ್ಲೆಂಡಿನಲ್ಲಿ 2011ರ ಜನವರಿಯಲ್ಲಿ ನಡೆದ ಒಂದು ಶಾಲಾ ರಗ್ಬಿ ಪಂದ್ಯ ಸಾಕ್ಷಿ. 14 ವರ್ಷದ ಹುಡುಗನೊಬ್ಬ ತಲೆಗೆ ಪೆಟ್ಟು ಬಿದ್ದ ಮೇಲೂ ಆಡುತ್ತ ಹೋದನು, ಮತ್ತೆ ಪೆಟ್ಟು ತಿಂದನು, ಪಂದ್ಯದ ಕೊನೆಗೆ ಕುಸಿದು ಬಿದ್ದನು, ಬದುಕಲಿಲ್ಲ. ಮೊದಲ ಪೆಟ್ಟಿನಿಂದ ಮೆದುಳು ಚೇತರಿಸಿಕೊಳ್ಳುವ ಮುನ್ನ ಎರಡನೆಯದು ಬಿದ್ದರೆ, ಅದು ಚಿಕ್ಕದೇ ಆಗಿದ್ದರೂ ಮೆದುಳು ಒಮ್ಮೆಗೇ ಊದಿಕೊಳ್ಳಬಹುದು. ಇದು ಅಪರೂಪ, ಆದರೆ ಆದುದು ಹೆಚ್ಚಾಗಿ ಎಳೆಯರಿಗೇ. ಬ್ರಿಟನ್ನಿನಲ್ಲಿ 2023ರಲ್ಲಿ ಹೊರಟ ಮಾರ್ಗಸೂಚಿಯ ಪ್ರಕಾರ ಇಂತಹ ಪೆಟ್ಟಾದವರು ಕನಿಷ್ಠ 21 ದಿನ ಪಂದ್ಯಕ್ಕೆ ಇಳಿಯಬಾರದು. ನಮ್ಮಲ್ಲಿ 21 ನಿಮಿಷವೂ ಕಾಯುವುದಿಲ್ಲ.

ಇನ್ನೊಂದು ಅಪಾಯವಿದೆ. ತಲೆಬುರುಡೆಯ ಒಳಗೆ ರಕ್ತ ಸೋರುತ್ತಿದ್ದರೂ ಕೆಲವರು ನಡುವೆ ಒಂದೆರಡು ಗಂಟೆ ಪೂರ್ತಿ ನೆಟ್ಟಗಾದಂತೆ ತೋರುತ್ತಾರೆ. ಮಾತನಾಡುತ್ತಾರೆ, ರೊಟ್ಟಿ ತಿನ್ನುತ್ತಾರೆ, "ಏನೂ ಆಗಿಲ್ಲ" ಎಂದು ಮಲಗುತ್ತಾರೆ. ಬೆಳಗ್ಗೆ ಏಳುವುದಿಲ್ಲ. ಆದುದರಿಂದ ಪೆಟ್ಟು ಬಿದ್ದ ಮಗುವನ್ನು ಆ ರಾತ್ರಿ ಒಂಟಿಯಾಗಿ ಮಲಗಿಸಬಾರದು. ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಿರುವ ತಲೆನೋವು, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್, ಒಂದು ಕಣ್ಣಿನ ಪಾಪೆ ದೊಡ್ಡದಾಗುವುದು, ಕಿವಿ ಮೂಗಿನಿಂದ ರಕ್ತ ಅಥವಾ ನೀರಿನಂತಹ ದ್ರವ, ಕೈಕಾಲು ಜೋಮು ಅಥವಾ ಸೋಲುವಿಕೆ ಕಂಡರೆ ಒಂದು ಕ್ಷಣವನ್ನೂ ಕಳೆಯದೆ 108ಕ್ಕೆ ಕರೆ ಮಾಡಬೇಕು. ನಮ್ಮ ಸೀಮೆಯಲ್ಲಿ ಇದು ಮತ್ತಷ್ಟು ಮುಖ್ಯ. ಮೆದುಳಿನ ಶಸ್ತ್ರಚಿಕಿತ್ಸೆ ಬೇಕಾದರೆ ಬಳ್ಳಾರಿ, ದಾವಣಗೆರೆ, ಹುಬ್ಬಳ್ಳಿಯ ಕಡೆಗೆ ಮುಖ ಮಾಡಬೇಕಾದವರು ನಾವು. ದಾರಿಯಲ್ಲೇ ಬಹಳ ಹೊತ್ತು ಹೋಗುತ್ತದೆ. ಅಂಗಳದಲ್ಲಿ ಕಳೆದ ಹೊತ್ತು ಅದಕ್ಕೆ ಸೇರುತ್ತದೆ.

ಬಿದ್ದವನು ಕುತ್ತಿಗೆ ನೋವೆಂದರೆ ಅಥವಾ ಎಚ್ಚರ ತಪ್ಪಿದ್ದರೆ ರಟ್ಟೆ ಹಿಡಿದು ಎಬ್ಬಿಸಬಾರದು, ಬಾಯಿಗೆ ನೀರು ಹಾಕಬಾರದು. ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. ಕುತ್ತಿಗೆಗೆ ಲಟಿಕೆ ಮುರಿಯುವ ಕೈಚಳಕ ತೋರಿಸಲು ಪ್ರತಿ ಊರಿನಲ್ಲಿಯೂ ಒಬ್ಬರು ಮುಂದೆ ಬರುತ್ತಾರೆ. ಅವರನ್ನು ಕೈಮುಗಿದು ದೂರವಿಡಬೇಕು. ತಲೆ, ಕುತ್ತಿಗೆ, ಬೆನ್ನು ಒಂದೇ ನೇರದಲ್ಲಿರುವಂತೆ ಅಲುಗಾಡಿಸದೆ ಹಿಡಿದು, ಉಸಿರು ಆಡುತ್ತಿದೆಯೇ ನೋಡುತ್ತ, ವಾಹನ ಬರುವವರೆಗೆ ಕಾಯಬೇಕು.

ಎಲುಬಿನ ಬಗ್ಗೆ ಒಂದು ಮಾತು. ಬೆಳೆಯುವ ಮಕ್ಕಳ ಎಲುಬಿನ ತುದಿಯಲ್ಲಿ ಮೆತ್ತನೆಯ ಬೆಳವಣಿಗೆಯ ಪಟ್ಟಿ ಇರುತ್ತದೆ. ದೊಡ್ಡವರಿಗೆ ಉಳುಕಾಗುವ ಕಡೆ ಮಕ್ಕಳಿಗೆ ಆ ಪಟ್ಟಿಯೇ ಮುರಿದಿರಬಹುದು; ಗುರುತಿಸದೆ ಬಿಟ್ಟರೆ ಕೈಯೋ ಕಾಲೋ ಸೊಟ್ಟಗೆ ಬೆಳೆದೀತು. ಎಲುಬು ಕಟ್ಟುವ ನಾಟಿ ವೈದ್ಯರ ಮೇಲೆ ನಮ್ಮ ಜನಕ್ಕಿರುವ ನಂಬಿಕೆಯನ್ನು ನಾವು ಬಲ್ಲೆವು. ಆದರೆ ಮೊದಲು ಎಕ್ಸ್‌ರೇ ಆಗಲಿ. ಬಿದಿರ ದಬ್ಬೆಯ ಕಟ್ಟು ಬಿಗಿಯಾಗಿ ಬೆರಳು ನೀಲಿಗಟ್ಟಿದರೆ, ಜೋಮು ಹಿಡಿದರೆ, ನೋವು ಇಳಿಯುವ ಬದಲು ಏರಿದರೆ ಕಟ್ಟನ್ನು ಆಗಲೇ ಸಡಿಲಿಸಿ ಆಸ್ಪತ್ರೆಗೆ ಒಯ್ಯಬೇಕು. ಬೆಳಗಾಗಲೆಂದು ಕಾದರೆ ಕೈ ಹೋಗುತ್ತದೆ. ಊದಿದ ಕೀಲಿಗೆ ಮೊದಲ ಎರಡು ದಿನ ಬಿಸಿ ಎಣ್ಣೆಯ ತಿಕ್ಕಾಟ ಬೇಡ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ, ವಿಶ್ರಾಂತಿ ಸಾಕು. ಮಣ್ಣಿನ ಅಂಗಳದ ತರಚು ಗಾಯವನ್ನು ಸಾಬೂನು ನೀರಿನಿಂದ ತೊಳೆಯಬೇಕು. ಧನುರ್ವಾಯುವಿನ ಚುಚ್ಚುಮದ್ದನ್ನು 10ನೆಯ ಮತ್ತು 16ನೆಯ ವಯಸ್ಸಿನಲ್ಲಿ ಸರಕಾರವೇ ಉಚಿತವಾಗಿ ಕೊಡುತ್ತದೆ. ನಿಮ್ಮ ಮಗುವಿಗೆ ಆಗಿದೆಯೇ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿರಿ.

ಪಂದ್ಯಾವಳಿ ನಡೆಸುವವರಿಗೆ

ಲಿಂಗವಂತರ ಮನೆಗಳಲ್ಲಿ ಆಗಾಗ ಏಳುವ ಒಂದು ಪ್ರಶ್ನೆಯನ್ನು ಇಲ್ಲಿಯೇ ಎತ್ತಿಕೊಳ್ಳುತ್ತೇವೆ. ಕೊರಳಲ್ಲಿ ಶಿವದಾರ, ಕರಡಿಗೆ ಧರಿಸಿಯೇ ಆಟಕ್ಕೆ ಇಳಿಯುವ ಮಕ್ಕಳಿದ್ದಾರೆ. ಎದೆಯ ಮೇಲೆ ಬಿದ್ದಾಗ ಬೆಳ್ಳಿಯ ಕರಡಿಗೆ ತನಗೂ ಎದುರಿನವನಿಗೂ ಗಾಯ ಮಾಡುತ್ತದೆ. ದಾರ ಯಾರದೋ ಬೆರಳಿಗೆ ಸಿಕ್ಕರೆ ಕೊರಳು ಬಿಗಿಯುತ್ತದೆ. ಲಿಂಗವನ್ನು ಅಗಲಿರಬಾರದೆಂಬ ನಿಷ್ಠೆ ನಮಗೆ ಗೊತ್ತಿಲ್ಲದ್ದಲ್ಲ. ಇದಕ್ಕೆ ಅಂಗಳದ ಗಡಿಬಿಡಿಯಲ್ಲಿ ಉತ್ತರ ಹುಡುಕದೆ, ಆಟದ ದಿನಕ್ಕೆ ಮುಂಚೆಯೇ ತಮ್ಮ ದೀಕ್ಷಾಗುರುಗಳಲ್ಲಿ ವಿಷಯ ಅರಿಕೆ ಮಾಡಿಕೊಂಡು ಅವರ ಅಪ್ಪಣೆಯಂತೆ ನಡೆಯುವುದು ಲೇಸು. ತೀರ್ಪುಗಾರರು ತೆಗೆಯಿರೆಂದಾಗ "ಧರ್ಮದ ಮಾತು" ಎಂದು ಅವರ ಮೇಲೆ ಏರಿಹೋಗುವುದಂತೂ ಸಲ್ಲದು. ಕೈಯ ಕಡಗ, ತಾಯತ, ಉಂಗುರಗಳಿಗೆ ಈ ಸಂಕೋಚವೂ ಬೇಕಿಲ್ಲ.

ಅಂಗಳದ ಮಾತು. ಕಬಡ್ಡಿಯ ನೆಲ ಮಣ್ಣು, ಗೊಬ್ಬರ, ಕಟ್ಟಿಗೆಯ ಹೊಟ್ಟು ಬೆರೆತು ಮೆತ್ತಗಿರಬೇಕೆಂದು ನಿಯಮವೇ ಹೇಳುತ್ತದೆ. ಇಲ್ಲವೇ ಮ್ಯಾಟ್ ಹಾಸಬೇಕು. ನಮ್ಮ ಮಸಾರೆಯ ಗರಸು ನೆಲವನ್ನು ಬರಿದೇ ಗುಡಿಸಿ ಸುಣ್ಣ ಎಳೆದರೆ ಅದು ಅಂಗಳವಲ್ಲ, ಉಜ್ಜುಗಲ್ಲು. ಎರೆ ನೆಲ ಬಿರುಕು ಬಿಟ್ಟಿದ್ದರೆ ಪಾದ ಸಿಕ್ಕಿ ಹಿಮ್ಮಡಿ ತಿರುಚುತ್ತದೆ. ಒಂದು ವಾರ ಮೊದಲೇ ಅಗೆದು, ಕಲ್ಲು ಆರಿಸಿ, ನೀರು ಹಾಯಿಸಿ ಹದಮಾಡಲು ಖರ್ಚೇನೂ ಇಲ್ಲ. ನಾಲ್ಕು ಜನರ ಶ್ರಮ ಸಾಕು.

ಎರಡನೆಯದಾಗಿ ವಯಸ್ಸು ಮತ್ತು ತೂಕ. ಒಂದೇ ತರಗತಿಯ ಇಬ್ಬರು ಹುಡುಗರಲ್ಲಿ ಒಬ್ಬನಿಗೆ ಮೀಸೆ ಬಂದಿರುತ್ತದೆ, ಇನ್ನೊಬ್ಬನ ದನಿ ಇನ್ನೂ ಒಡೆದಿರುವುದಿಲ್ಲ. ಕಿರಿಯರ ವಿಭಾಗಗಳಿಗೆ ವಯಸ್ಸಿನ ಮಿತಿಯ ಜೊತೆಗೆ ತೂಕದ ಮಿತಿಯನ್ನೂ ಇಟ್ಟಿರುವುದು ಇದಕ್ಕಾಗಿಯೇ. ಕರಪತ್ರದಲ್ಲಿ "55 ಕೆ.ಜಿ. ವಿಭಾಗ" ಎಂದು ಅಚ್ಚು ಹಾಕಿಸಿ, ತಕ್ಕಡಿಯನ್ನೇ ತರಿಸದ ಪಂದ್ಯಾವಳಿಗಳನ್ನು ಕಂಡಿದ್ದೇವೆ. ತಕ್ಕಡಿ ಇರುವಲ್ಲಿ ಬೇರೊಂದು ಪಿಡುಗು: ತೂಕ ಇಳಿಸಲೆಂದು ಎರಡು ದಿನ ಉಣ್ಣದೆ, ನೀರೂ ಕುಡಿಯದೆ ಬರುವ ಮಕ್ಕಳು. ಬಿಸಿಲಿನಲ್ಲಿ ಇಂತಹವರು ಕುಸಿದು ಬೀಳುವುದರಲ್ಲಿ ಆಶ್ಚರ್ಯವಿಲ್ಲ.

"ಹುಡುಗೇರ ಆಟ" ಎಂಬ ಮೂದಲಿಕೆಯ ಬಗ್ಗೆಯೂ ಹೇಳಿಬಿಡುತ್ತೇವೆ. ನಮ್ಮ ರಾಜ್ಯದ ತೇಜಸ್ವಿನಿ ಬಾಯಿ, ಮಮತಾ ಪೂಜಾರಿ ಕಬಡ್ಡಿಗಾಗಿಯೇ ಅರ್ಜುನ ಪ್ರಶಸ್ತಿ ಪಡೆದವರು. ಯಾರ ಬಾಯಿಯನ್ನೂ ಅದುಮದೆ, ನಿಯಮದೊಳಗೇ ಆಡಿ ಗೆದ್ದವರು.

ವೈದ್ಯಕೀಯ ಏರ್ಪಾಡಿಲ್ಲದೆ ಪಂದ್ಯ ಆಡಿಸಬಾರದು. 2022ರ ಜುಲೈನಲ್ಲಿ ತಮಿಳುನಾಡಿನ ಪಣ್ರುಟ್ಟಿಯ ಸಮೀಪ ಕಬಡ್ಡಿ ಆಡುತ್ತಿದ್ದ ತರುಣನೊಬ್ಬ ದಾಳಿಯ ನಡುವೆಯೇ ಬಿದ್ದು ಪ್ರಾಣಬಿಟ್ಟನು. ಅದೇ ತಿಂಗಳು ಬೆಂಗಳೂರಿನಲ್ಲಿ ಕಿಕ್‌ಬಾಕ್ಸಿಂಗ್ ಪಂದ್ಯದಲ್ಲಿ ತಲೆಗೆ ಪೆಟ್ಟು ತಿಂದ ಮೈಸೂರಿನ ತರುಣನೊಬ್ಬ ಕೆಲವೇ ದಿನಗಳಲ್ಲಿ ತೀರಿಕೊಂಡನು. ಸ್ಥಳದಲ್ಲಿ ಆ್ಯಂಬುಲೆನ್ಸ್ ಕೂಡ ಇರಲಿಲ್ಲವೆಂದು ಮನೆಯವರು ದೂರಿದರು. ರಾಜಧಾನಿಯ ಕಥೆಯೇ ಹೀಗಾದರೆ ಹಳ್ಳಿಯಲ್ಲಿ ಹೇಗೆ? ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಮುಂಚಿತವಾಗಿ ಒಂದು ಪತ್ರ, ಚಾಲಕನ ಸಮೇತ ಅಂಗಳದ ಪಕ್ಕದಲ್ಲಿ ನಿಂತ ಒಂದು ಜೀಪು, ಮಂಜುಗಡ್ಡೆಯ ಡಬ್ಬಿ, ಪಟ್ಟಿ, ದಬ್ಬೆ: ಪೆಂಡಾಲಿನ ವೆಚ್ಚದ ಕಾಲು ಭಾಗವೂ ಇದಕ್ಕೆ ಬೇಡ.

ಕೊನೆಯದಾಗಿ, ತೀರ್ಪುಗಾರರು ಆಡುವ ಎರಡೂ ಊರಿಗೆ ಸೇರದವರಾಗಿರಲಿ. ಪಕ್ಕದ ತಾಲೂಕಿನಿಂದ ಕರೆಸಿರಿ. ಹರಪನಹಳ್ಳಿಯವರು ಹಡಗಲಿಗೆ ಬರಲಿ, ಕೂಡ್ಲಿಗಿಯವರು ಹಗರಿಬೊಮ್ಮನಹಳ್ಳಿಗೆ ಹೋಗಲಿ. ಅವರ ಸಂಭಾವನೆಯನ್ನು ಪಂದ್ಯಕ್ಕೆ ಮುಂಚೆಯೇ ಕೊಟ್ಟುಬಿಡಿ. ಜೇಬಿನಲ್ಲಿ ಮೂರು ಕಾರ್ಡು ಇರಲಿ. ತಂಡದ ನಾಯಕನ ಹೊರತು ಯಾರೂ ಅವರೊಡನೆ ಮಾತಿಗೆ ನಿಲ್ಲಬಾರದೆಂದು ಉದ್ಘಾಟನೆಯ ಹೊತ್ತಿಗೇ ಮೈಕಿನಲ್ಲಿ ಸಾರಿರಿ. ಫುಟ್‌ಬಾಲಿನ ದೊಡ್ಡ ಪಂದ್ಯಗಳಲ್ಲಿ 2024ರಿಂದ ಇದೇ ಪದ್ಧತಿ ಬಂದಿದೆ. ಬಹುಮಾನ ಕೊಟ್ಟವರ ಕುರ್ಚಿ ವೇದಿಕೆಯ ಮೇಲಿರಲಿ, ಅಂಗಳದ ಗೆರೆಯ ಪಕ್ಕದಲ್ಲಿ ಬೇಡ.

ಈ ಕಡೆಯ ಮಾತು ನಮ್ಮದಲ್ಲ, ಆ ಮಾಸ್ತರದು. ಈ ವರ್ಷ ಸೀಟಿ ಹಿಡಿಯಲು ಅವರು ಒಪ್ಪಿಲ್ಲ. ನಾವು ಎರಡು ಬಾರಿ ಅವರ ಮನೆಗೆ ಹೋಗಿ ಬಂದೆವು. ಮೊದಲ ಸಲ ಚಹಾ ಕೊಟ್ಟು ಬೇರೆ ಮಾತು ತೆಗೆದರು. ಎರಡನೆಯ ಸಲ ಕುರ್ಚಿಯ ಈ ಮಾತು ಹೇಳಿ, "ಅವರು ಒಪ್ಪಿದರ ನೋಡ್ತೀನ್ರಿ" ಎಂದರು. ಹಿರಿಯರನ್ನು ಕಾಣಲು ಬರುವ ಸೋಮವಾರ ಹೋಗಲಿದ್ದೇವೆ.